ಸಫೂರಾಕ್ಕನ ಬೋನಿಗೆ ಬಿದ್ದ ಇಲಿ

“ಅಮೆರಿಕದ ಇಲಿಗೆ ಕತಾರಿನ ವೀಸಾ ಕೊಟ್ಟದ್ದು ಯಾರು ಮಾರಾಯ?”

ಸಫೂರಾಕ್ಕ ಕೇಳಿದ್ದು ತಮಾಷೆಗೆ, ಆದರೂ ಯಜ್ಞೇಶನ ಮುಖ ಸಣ್ಣದಾಯಿತು. ಅಲ್ ಅಜೀಜಿಯಾದ ಆ ವಿಲ್ಲಾದಲ್ಲಿ ಕೆಳಗಿನ ಮನೆ ಸಫೂರಾಕ್ಕ, ಮಹಮೂದ್ ದಂಪತಿಯದು. ಮೇಲಿನ ಕೋಣೆ ಯಜ್ಞೇಶನದು. ವೆಸ್ಟ್ ಬೇಯ ಆಫೀಸಿನಿಂದ ಬಂದ ಮೇಲೆ ಅವನಿಗೆ ಕಾಡುಪ್ರಾಣಿಗಳದೇ ಹುಚ್ಚು. ಹೋದ ವಾರ ಕಾಂಪೌಂಡಿನ ಮೂಲೆಯಲ್ಲಿ ಕಂಡ ಇಲಿಯೊಂದರ ಫೋಟೊ ತೆಗೆದು, ಬೆನ್ನು ಕಂದು, ಹೊಟ್ಟೆ ಬಿಳಿ, ಥೇಟ್ ಜಿಂಕೆಯ ಬಣ್ಣ, ಇದು ಡೀರ್ ಮೌಸ್ ಎಂದು ನೆರೆಯವರಿಗೆಲ್ಲ ಸಾರಿದ್ದ. ಇಲಿ ಬಲ್ಲವರ ಗುಂಪೊಂದಕ್ಕೆ ಫೋಟೊ ಕಳಿಸಿದರೆ ಬಂದ ಉತ್ತರ ಬೇರೆ. ಡೀರ್ ಮೌಸ್ ಇರುವುದು ಕೆನಡಾದಿಂದ ಮೆಕ್ಸಿಕೋದವರೆಗಿನ ನೆಲದಲ್ಲಿ, ಕತಾರಿನಲ್ಲಿ ಅಲ್ಲ.

ಈಗ ಅಂಥದೇ ಒಂದು ಸಫೂರಾಕ್ಕನ ಬೋನಿನಲ್ಲಿ ಕೂತಿತ್ತು. ಊರಿಂದ ತಂದ ಕುಚಲಕ್ಕಿಯ ಚೀಲ ತೂತಾಯಿತೆಂದು ಅವರು ಸುಟ್ಟ ಕೊಬ್ಬರಿ ಇಟ್ಟು ಹಿಡಿದದ್ದು. ಮಹಮೂದ್ ಅಂಗಡಿಯಿಂದ ಬಂದೊಡನೆ ಬೋನನ್ನು ಬಕೆಟಿನ ನೀರಿಗೆ ಅದ್ದುವುದು ಆ ಮನೆಯ ಕ್ರಮ. ಅಷ್ಟರೊಳಗೆ ಅದರ ಜೀವ ಉಳಿಸಬೇಕೆಂದು ಯಜ್ಞೇಶ ನೆಲದ ಮೇಲೆಯೇ ಕೂತು ಪಾಠ ಶುರುಮಾಡಿದ. ಡೀರ್ ಮೌಸಿನ ವಿಷಯದಲ್ಲಿ ಅಮೆರಿಕದವರೇ ಎಡವಿದ್ದಾರಂತೆ. ಒಂದೇ ಜಾತಿ ಎಂದುಕೊಂಡಿದ್ದನ್ನು ಈಚೆಗೆ ಒಡೆದು, ಮಿಸಿಸಿಪ್ಪಿ ಹೊಳೆಯ ಈಚೆಯದು ಒಂದು, ಆಚೆಯದು ಇನ್ನೊಂದು ಎಂದರಂತೆ.

“ಹೊಳೆ ದಾಟಿದರೆ ಜಾತಿ ಬೇರೆಯಾ? ನಾನು ಉಳ್ಳಾಲದವಳು, ಇವರು ನೇತ್ರಾವತಿಯ ಆಚೆ ಬಂದರಿನವರು. ಹಾಗಾದ್ರೆ ನಾವು ಇಷ್ಟು ವರ್ಷ ಸಂಸಾರ ಮಾಡಿದ್ದು ಎಂತ?”

ಯಜ್ಞೇಶನಿಗೂ ನಗು ಬಂತು. ಮೊಬೈಲಿನ ಟಾರ್ಚ್ ಹಾಕಿ ಬಾಲ ತೋರಿಸಿದ. ಮನೆ ಇಲಿಯದು ಬೋಳು ಬಾಲ. ಇದರದು ಉದ್ದಕ್ಕೂ ಕೂದಲು, ತುದಿಯಲ್ಲಿ ಸಣ್ಣ ಕುಚ್ಚು. ಅಂಗಾಲಿಗೂ ಕೂದಲು, ಬಿಸಿ ಮರಳಿನಲ್ಲಿ ಓಡಬೇಕಲ್ಲ. ಇದು ಮರುಭೂಮಿಯದು, ಜರ್ಬಿಲ್ ಎನ್ನುತ್ತಾರೆ ಎಂದ.

“ಹೋದ ವಾರವೂ ಹೀಗೇ ಹೇಳಿದ್ದಿ. ನಂಬುವುದು ಹೇಗೆ?”

ಅವನು ಟಾರ್ಚ್ ಆರಿಸಿದ. “ಜರ್ಬಿಲಲ್ಲಿ ಯಾವ ಜರ್ಬಿಲ್ ಅಂತ ಕೇಳಿದ್ರೆ ಗೊತ್ತಿಲ್ಲ ಸಫೂರಾಕ್ಕ. ಮನೆ ಇಲಿ ಅಲ್ಲ. ಅಷ್ಟು ಮಾತ್ರ ಹೇಳ್ತೇನೆ.”

ಇವನಿಗೂ ಗೊತ್ತಿಲ್ಲದ್ದು ಒಂದುಂಟು ಎಂದು ಕೇಳಿ ಸಮಾಧಾನವಾಯಿತೋ ಏನೋ, ಸಫೂರಾಕ್ಕ ಬೋನಿನ ಪಕ್ಕ ಬಂದು ಕೂತರು. ಇಲಿ ಎರಡೂ ಕೈಯಲ್ಲಿ ಕೊಬ್ಬರಿ ಹಿಡಿದು, ಮದುವೆಯ ಊಟಕ್ಕೆ ಕೂತವರ ಹಾಗೆ, ಯಾರ ಕಡೆಗೂ ನೋಡದೆ ತಿನ್ನುತ್ತಿತ್ತು.

ಮಹಮೂದ್ ಬಂದವರೇ ಬಕೆಟ್ ಕೇಳಿದರು. ಸಫೂರಾಕ್ಕ ಏಳಲಿಲ್ಲ, ಮೊದಲು ಬಾಲ ನೋಡಿ ಎಂದರು. ಮಹಮೂದ್ ಕನ್ನಡಕ ಏರಿಸಿ ಬಗ್ಗಿದರು.

“ಇದಾ? ನಾವು ಈ ಮನೆಗೆ ಬರುವಾಗ ಹಿಂದಿನ ಬದಿ ಇಡೀ ಹೊಯಿಗೆ, ಮರಳು ಬಿಟ್ಟರೆ ಏನಿಲ್ಲ. ಕಾರಿನ ಲೈಟಿಗೆ ಹಾರಿಕೊಂಡು ಹೋಗ್ತಿದ್ದದ್ದು ಇವೇ ಅಲ್ವಾ?”

“ಆಗ ನೀವು ಮೊಲದ ಮರಿ ಅಂದಿದ್ರಿ.”

“ಅಂದಿರಬಹುದು.”

ಯಜ್ಞೇಶ ಶುಕ್ರವಾರ ದೂರದ ಮರಳುಗಾಡಿಗೆ ಒಯ್ದು ಬಿಡುತ್ತೇನೆಂದ. ಮಹಮೂದ್ ಬೇಡವೆಂದು ತಲೆಯಾಡಿಸಿದರು. “ಇಲ್ಲಿಯದ್ದನ್ನು ಎಲ್ಲಿಗೆ ಕೊಂಡುಹೋಗುವುದು? ಹಿಂದಿನ ಖಾಲಿ ಜಾಗದಲ್ಲಿ ಬಿಡುವ. ಅಕ್ಕಿ ಡಬ್ಬಿಗೆ ಹಾಕಿದ್ರೆ ಖಲಾಸ್.”

ಎರಡು ಹೊಸ ಕಟ್ಟಡಗಳ ನಡುವೆ ಉಳಿದಿದ್ದ ಮರಳಿನಲ್ಲಿ ಮಹಮೂದ್ ಮೊಣಕಾಲು ಹಿಡಿದುಕೊಂಡು ಕುಕ್ಕರಿಸಿ, ಬೋನಿನ ಬಾಗಿಲೆತ್ತಿದರು. ಇಲಿ ಹೊರಬಂದು ಅವರ ಚಪ್ಪಲಿಯ ಮೇಲೆ ಹತ್ತಿ, ಹೆಬ್ಬೆರಳನ್ನು ಮೂಸಿ, ಒಂದೇ ನೆಗೆತಕ್ಕೆ ಹೊಯಿಗೆಗೆ ಇಳಿಯಿತು.