ಛತ್ರದಲ್ಲಿ ಜಾಗ ಇಲ್ಲ

“ಜಾಗ ಇಲ್ಲ ಅಂದ್ರೆ ಇಲ್ಲ ಕಣಮ್ಮ. ನಿಮ್ಮೋರೆಲ್ಲ ಹಾಲ್‌ನಲ್ಲಿ ಕೂತೆದ್ದು ಹೋದ್ರೆ, ಆಮೇಲೆ ಗಂಜಲ ಹಾಕಿ ತೊಳೆಸೋರು ಯಾರು?”

ಕುವೆಂಪುನಗರದ ಮದುವೆ ಛತ್ರದ ಮ್ಯಾನೇಜರ್ ಬಿಂದುಮಾಧವ ಹಿತ್ತಿಲ ಬಾಗಿಲಲ್ಲೇ ನಿಂತಿದ್ದ. ನನ್ನಜ್ಜಿ ಸೋಮಮ್ಮ ಅಡ್ಡ ಮಲಗಿಸಿದ ಪಾಯಸದ ಕೊಪ್ಪರಿಗೆಯೊಳಗೆ ಸೊಂಟದವರೆಗೆ ತೂರಿಕೊಂಡು ತಳ ಉಜ್ಜುತ್ತಿದ್ದಳು. ಧನುರ್ಮಾಸ, ಮದುವೆಗಳಿಲ್ಲ; ಹಳೆ ಪಾತ್ರೆಗಳ ಮಸಿ ತೆಗೆಸುವ ಕಾಲ. ಅಷ್ಟು ದೊಡ್ಡ ಛತ್ರದಲ್ಲಿ ಇದ್ದದ್ದು ಸುತ್ತಿಟ್ಟ ಜಮಖಾನ, ಮೇಲೆ ಪಾರಿವಾಳ.

ಹಿನಕಲ್‌ನಲ್ಲಿ ನಾವು ಪ್ರಾರ್ಥನೆಗೆ ಸೇರುತ್ತಿದ್ದ ಶೀಟಿನ ಮನೆಗೆ ಯಾರೋ ಬಂದು, ಮಾಲೀಕನನ್ನು ಹೆದರಿಸಿ ಬೀಗ ಹಾಕಿಸಿದ್ದರು. ನಾಳೆ ಕ್ರಿಸ್‌ಮಸ್. ಕಲಿತಿದ್ದ ಯೇಸು ಹುಟ್ಟಿದ ನಾಟಕ ಆಡಲು ಒಂದು ಸಂಜೆಯ ಮಟ್ಟಿಗೆ ಜಾಗ ಬೇಕಿತ್ತು.

ಅಜ್ಜಿ ಹೊರಬಂದಳು. ಮೂಗಿನ ಮೇಲೆ ಮಸಿ, ತುಟಿಯಲ್ಲಿ ನಗು.

“ಕೇಳುಸ್ಕಂಡೇನೇ? ಬೈಬಲ್‌ನಾಗಿರೋದ್ನ ಅಂಗಂಗೇ ಅಂದ್ಬುಟ್ರು. ಅಳ್ತೀಯಾಕೆ ಮುಂಡೇದೆ? ಛತ್ರದಾಗೆ ಜಾಗ ಇಲ್ಲ ಅಂದ್ಮೇಲೇ ಕಣೇ ಅವ್ನು ಹುಟ್ಟೋದು.”

ಅಜ್ಜಿಯ ಕಥೆಯಲ್ಲಿ ಬೆತ್ಲೆಹೇಮ್ ಇರುವುದು ನಂಜನಗೂಡಿನಿಂದ ಒಸಿ ಆಚೆ. ಮರಿಯಮ್ಮ ಅಲ್ಲಿಗೆ ಹೊರಟಾಗ ಸೆರಗಿನಲ್ಲಿ ಮುದ್ದೆ ಕಟ್ಟಿಕೊಂಡಿರುತ್ತಾಳೆ. ಹಾಗಾಗಿ ನನಗೆ ಆ ಊರು ಯಾವತ್ತೂ ದೂರ ಅನ್ನಿಸಿಲ್ಲ.

ಮಾರನೆಯ ಸಂಜೆ ಪಾತ್ರೆ ತೊಳೆಯುವ ಹಿತ್ತಿಲಲ್ಲೇ ನಾಟಕ. ನನ್ನಕ್ಕ ಪ್ರೀತಿ ಮರಿಯಮ್ಮ. ಅವಳ ಕೂಸೇ ಯೇಸು. ಎಂಜಲೆಲೆ ಎತ್ತುವ ಮರಿಯಯ್ಯ ಜೋಸೆಫ್. ಅವನು ಮುಚ್ಚಿದ ಬಾಗಿಲು ಬಡಿದ.

“ಸ್ವಾಮಿ, ಬಸುರಿ ಎಂಗ್ಸು. ಮಲಗಾಕೆ ಒಸಿ ಜಾಗ ಕೊಡಿ.”

ಬಾಗಿಲು ದಢಾರನೆ ತೆರೆಯಿತು. ಬಿಂದುಮಾಧವ.

“ನಿನ್ನೇನೇ ಬೊಗಳಿಲ್ವೇನ್ರೋ ಬೇವರ್ಸಿಗಳಾ? ಜಾಗ ಇಲ್ಲ!”

ಹಿತ್ತಿಲ ತುಂಬ ಚಪ್ಪಾಳೆ.

“ಛತ್ರದೋರ ಪಾರ್ಟ್ ಯಾರ್ಗೂ ಕೊಟ್ಟಿರ್ಲಿಲ್ಲ ಬುದ್ಧಿ,” ಅಂದಳು ಅಜ್ಜಿ. “ನೀವೇ ಬತ್ತೀರಾ ಅಂತ ಗೊತ್ತಿತ್ತು. ಎಷ್ಟ್ ಚೆಂದಾಗ್ ಅಂದ್ರಿ.”

ಅವನು ಬಾಯಿ ಬಿಡುವಷ್ಟರಲ್ಲಿ ಪ್ರೀತಿ ಕೂಸನ್ನು ಗೋದಲಿಯೆಂದು ಹುಲ್ಲು ಹಾಸಿಟ್ಟಿದ್ದ ಕೊಪ್ಪರಿಗೆಯಲ್ಲಿ ಮಲಗಿಸಿದಳು.

“ಅಯ್ಯೋ, ಅದು ಪಾಯಸದ್ದು ಕಣ್ರೇ!”

ಕೂಸು ಆಗಲೇ ಕಾಲೆತ್ತಿ ಉಚ್ಚೆ ಹೊಯ್ಯುತ್ತಿತ್ತು.

“ಗಂಜಲ ತರುಸ್ಬ್ಯಾಡಿ ಬುದ್ಧಿ,” ಅಂದಳು ಅಜ್ಜಿ. “ಸ್ವಾಮೀನೇ ಶುದ್ಧ ಮಾಡ್ತಾವ್ನೆ.”

ಆಮೇಲೆ ನಮ್ಮ ಕಡೆ ತಿರುಗಿ ಹುಬ್ಬು ಹಾರಿಸಿದಳು. ನಾಲ್ಕು ಜನ ಕೊಪ್ಪರಿಗೆಯ ಕಿವಿ ಹಿಡಿದು ಎತ್ತಿ, ನೇರ ಬಾಗಿಲ ಕಡೆ ನಡೆದೆವು. ಬಿಂದುಮಾಧವ ಕೈ ಅಡ್ಡ ಇಟ್ಟ. ಕೂಸು, ಉಚ್ಚೆ ಸಮೇತ ಕೊಪ್ಪರಿಗೆ ಹತ್ತಿರ ಬಂತು. ಅದರ ಹಿಂದೆ ನಾವಷ್ಟೂ ಜನ.

ಎಲ್ಲಿ ಮೈ ಸೋಕೀತೋ ಎಂದು ಪಂಚೆ ಎತ್ತಿಕೊಂಡು ಅವನು ಗೋಡೆಗೆ ಅಂಟಿ ನಿಂತ.

ಜಾಗ ಆಯಿತು.