ಮಾರಯ್ಯನ ಮಸ್ಸೊಪ್ಪು

ರಾಚಮ್ಮ ಮೊರದಿಂದ ಚಿಟಿಕೆ ಅಕ್ಕಿ ತೆಗೆದು ಅಣ್ಣನ ತುಟಿಗಳ ನಡುವೆ ಇಟ್ಟಳು. ಕಾಳು ಒಳಗೆ ಹೋಗದೆ ಗಲ್ಲದ ಮೇಲೆ ಜಾರಿತು. ಅದನ್ನೇ ಆಯ್ದು ಮತ್ತೆ ಇಟ್ಟಳು.

"ತಿನ್ನಣ್ಣಯ್ಯ. ಇಷ್ಟೊರ್ಸ ನನ್ ಕೈ ತುತ್ತು ಬ್ಯಾಡ ಅಂದ್ಯಲ್ಲೋ. ಇವತ್ತಾದ್ರೂ ಬಾಯ್ಬುಡು."

ಬಾಯಿಗೆ ಅಕ್ಕಿ ಹಾಕಲು ಸಾಲುಗಟ್ಟಿದ್ದ ನೆಂಟರು ಮುಖ ಮುಖ ನೋಡಿಕೊಂಡರು. ನಂಜನಗೂಡಿನ ಆ ಚಿಕ್ಕ ಮನೆಯ ಮುಂದೆ, ಶಾಮಿಯಾನದ ಕೆಳಗೆ ಮಾರಯ್ಯನನ್ನು ಮಲಗಿಸಿದ್ದರು. ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತನಾಗಿದ್ದ ಮನುಷ್ಯ. ಹಿಂದಿನ ಸಂಜೆ ತಲೆನೋವು ಅಂದವನು ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಿದ್ದ.

ರಾಚಮ್ಮ ಹೆಣದ ತಲೆಯ ಬಳಿ ಕೂತಿದ್ದ ಅತ್ತಿಗೆಯ ಕಡೆ ತಿರುಗಿದಳು. "ಸೊಪ್ಪುಸದೆ ತಿನ್ಸಿ ತಿನ್ಸಿ ನಮ್ಮಣ್ಣನ ರಕ್ತವೆಲ್ಲ ನೀರ್ ಮಾಡ್ಬುಟ್ಟೆ ಕಣತ್ಗೆ. ಬನ್ನೂರ್ ಕುರಿ ತಿಂದ್ ಬೆಳೆದಿದ್ ಮೈ ಅದು!"

ಮಾರಯ್ಯನ ಮಗಳು ಕವನ ಟಿ. ನರಸೀಪುರದಲ್ಲಿ ನರ್ಸು. "ಅತ್ತೆ, ಮೆದುಳಲ್ಲಿ ರಕ್ತನಾಳ ಒಡೆದಿದ್ದು. ಊಟಕ್ಕೂ ಅದಕ್ಕೂ..." ಎಂದು ಶುರುಮಾಡಿದಳು.

ಮಹದೇವಮ್ಮ ಮಗಳ ಕೈ ಹಿಡಿದು ಕೂರಿಸಿದಳು. "ಅನ್ಲಿ ಬುಡು. ಅವಳಣ್ಣ ಅಲ್ವಾ."

*

ಮಾರಯ್ಯ ಮೊದಲ ಸಲ ಸೌಟು ಹಿಡಿದದ್ದು ಐವತ್ತು ದಾಟಿದ ಮೇಲೆ. ಮಹದೇವಮ್ಮನ ಎದೆಗೆ ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ಡಾಕ್ಟರು ಮಾಂಸ, ಕರಿದದ್ದು, ಉಪ್ಪಿನಕಾಯಿ ಎಲ್ಲ ಬಿಡಿಸಿದ್ದರು. ಉಪ್ಪು ಹೆಸರಿಗಷ್ಟೇ. ಸೊಪ್ಪು, ಕಾಳು, ರಾಗಿ ತಿನ್ನಿ ಎಂದಿದ್ದರು. ಮನೆಗೆ ಬಂದವಳು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

"ಸಪ್ಪೆ ತಿನ್ಕೊಂಡ್ ಬದುಕೋದೂ ಒಂದು ಬದುಕಾ?"

ಮಾರನೆಯ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಮಾರಯ್ಯ ಸಂತೆಯ ದಂಟಿನ ಸೊಪ್ಪು ತಂದು, ಬೇಳೆ ಜೊತೆ ಬೇಯಿಸಿ, ಮಸೆದು, ಮುದ್ದೆಯ ಪಕ್ಕ ಬಡಿಸಿದ. ಅವಳು ಒಂದು ತುತ್ತು ನುಂಗುವಷ್ಟರಲ್ಲಿ ಹಲ್ಲಿನಡಿ ಮರಳು ಕರಕರ ಎಂದಿತು.

"ಸೊಪ್ಪು ತೊಳೆದ್ರಾ?"

"ತೊಳೀಬೇಕಾ?"

ಆಸ್ಪತ್ರೆಗೆ ಹೋದ ದಿನದಿಂದ ನಗದಿದ್ದವಳು ಎದೆ ಹಿಡಿದುಕೊಂಡು ನಕ್ಕಳು. ಮಾರಯ್ಯನಿಗೆ ಅವಮಾನವಾಯಿತು, ತಪ್ಪನ್ನು ಸಂತೆಯವರ ತಲೆಗೆ ಕಟ್ಟಿದ. "ಅವ್ರು ಬೆಳೆಯೋದೇ ಅಂಗೆ. ಇನ್ಮೇಲೆ ನಾನೇ ಬೆಳಿತೀನಿ."

ಹಿತ್ತಿಲಲ್ಲಿ ಇದ್ದದ್ದು ಒಡೆದ ಹೆಂಚು, ಇಟ್ಟಿಗೆಚೂರು. ವಾರದ ರಜೆಗಳಲ್ಲಿ ಹಾರೆ ಹಿಡಿದು ಅದನ್ನೆಲ್ಲ ಎತ್ತಿಹಾಕಿದ. ಮೊದಲ ಪೈರನ್ನು ಬಸವನಹುಳ ತಿಂದಿತು. ಎರಡನೆಯದು ಬಿಸಿಲಿಗೆ ಸುಟ್ಟಿತು. ಅದಾದ ಮೇಲೆ ದಂಟು, ಕೀರೆ, ಬಸಳೆ, ಬದನೆ ಒಂದೊಂದಾಗಿ ನೆಲಕ್ಕೆ ಒಗ್ಗಿದವು. ಉಪ್ಪಿಲ್ಲದ ಕಡೆ ಸುಟ್ಟ ಬೆಳ್ಳುಳ್ಳಿಯೋ ನಿಂಬೆಹುಳಿಯೋ ಬಿದ್ದರೆ ನಾಲಿಗೆ ಸುಮ್ಮನಾಗುತ್ತದೆ ಎಂಬುದನ್ನು ಅವನೇ ಕಂಡುಕೊಂಡ. ತಟ್ಟೆ ಮುಂದೆ ಕೂತರೂ ಮಹದೇವಮ್ಮ ಮೊದಲ ತುತ್ತು ತಿಂದು, ಕಂಡಕ್ಟರನ ಹಾಗೆ "ರೈಟ್" ಅನ್ನುವವರೆಗೆ ಅವನು ಕೈ ಹಾಕುತ್ತಿರಲಿಲ್ಲ.

*

ಚಟ್ಟಕ್ಕೆ ಬಿದಿರು ಕಟ್ಟುತ್ತ ಶಿವು ಪಕ್ಕದವರಿಗೆ ಹೇಳುತ್ತಿದ್ದ. ಬಹಳ ವರ್ಷ ಮಾರಯ್ಯನ ಬಸ್ಸಿಗೆ ಅವನೇ ಕಂಡಕ್ಟರು.

"ಎಮ್ಮರಗಾಲದಲ್ಲಿ ಒಂದಿನ ಕೊಟ್ಟಿಗೆ ಗೊಬ್ಬರ ಮೂಟೆ ತಗೊಂಡು ಇಂಜಿನ್ ಪಕ್ಕ ಇಟ್ಕಬುಟ್ಟ ಕಣ್ಲಾ. ಬಸ್ ತುಂಬಾ ವಾಸ್ನೆ. ಪ್ಯಾಸೆಂಜರ್ಗಳು 'ಏನ್ಸಾ ಇದು' ಅಂದ್ರೆ, 'ಇಂಜಿನ್ ಬಿಸಿ ಆಗ್ಬುಟ್ಟದೆ, ಕಿಟಕಿ ತೆಗೀರಿ' ಅಂದ!"

ಯಾರೋ ನಕ್ಕರು. ಶಿವುವೂ ನಕ್ಕ, ಹಗ್ಗದ ಗಂಟು ಕೈತಪ್ಪಿತು. ಮುಖ ಒರೆಸಿಕೊಂಡು ಮತ್ತೆ ಬಿಗಿದ.

ಮಧ್ಯಾಹ್ನ ಗಂಡಸರು ಮಾರಯ್ಯನನ್ನು ಎತ್ತಿಕೊಂಡು ಹೊರಟರು. ಅವರ ಮನೆತನದಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ತಮಟೆಯ ಸದ್ದು ದೂರವಾದ ಮೇಲೆ ರಾಚಮ್ಮ ಅತ್ತಿಗೆಯನ್ನು ಹುಡುಕಿಕೊಂಡು ಹಿತ್ತಿಲಿಗೆ ಬಂದಳು. ಮಹದೇವಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಬ್ಬಳೇ ಕೂತಿದ್ದಳು. ರಾಚಮ್ಮ ಅದೇ ಕಲ್ಲಿನ ತುದಿಗೆ ಕೂತಳು.

"ನಿನ್ ಮಗನ ಬೀಗರೂಟ ನೆಪ್ಪದಾ ರಾಚಮ್ಮ?"

"ಎಂಗ್ ಮರೀಲಿ? ಕೈಯಾರ ಬಾಡು ಬಡ್ಸಕ್ ಬಂದ್ರೆ ಎಲೆ ಮ್ಯಾಲೆ ಕೈ ಅಡ್ಡ ಇಟ್ಬುಟ್ಟ. ಬೀಗ್ರ ಮುಂದೆ. 'ಬ್ಯಾಡ ಕಣವ್ವ, ಬುಟ್ಬುಟ್ಟಿವ್ನಿ' ಅಂದ. ನಾನೇನ್ ವಿಸ ಇಕ್ತಿದ್ನಾ?"

"ತಿನ್ನಿ ಅಂತ ನಾನೇ ತೊಡೆ ಚಿವುಟ್ದೆ. ಕೇಳ್ನಿಲ್ಲ. ವಾಪಸ್ ಬರ್ವಾಗ ಬಸ್ಸಲ್ಲಿ ಒಂದ್ ಮಾತಿಲ್ಲ. ನರಸೀಪುರ ದಾಟುದ್ ಮ್ಯಾಲೆ ಅಂದ್ರು, 'ರಾಚಿ ಮೆಣಸು ಉರ್ದು ಆಕವ್ಳೆ ಕಣೆ, ನಮ್ಮವ್ವ ಆಕ್ತಿದ್ದಂಗೇ. ವಾಸ್ನೆ ಇನ್ನೂ ಮೂಗಲ್ಲೇ ಅದೆ' ಅಂತ."

ರಾಚಮ್ಮ ತಲೆ ಎತ್ತಿದಳು.

"ಅಷ್ಟಾಸೆ ಇದ್ರೆ ತಿನ್ಬೇಕಿತ್ತು ಅಂದೆ. 'ನಾನು ಒಂದ್ ಚೂರು ತಿಂದ್ರೂ ನಿನ್ ತಟ್ಟೇಲಿರೋದು ಸಪ್ಪೆ ಆಗೋಯ್ತದೆ' ಅಂದ್ರು."

"ನನ್ನತ್ರ ಯಾಕ್ ಏಳ್ನಿಲ್ಲ?"

"ಎಡ್ತಿಗೋಸ್ಕರ ಬುಟ್ಟೆ ಅಂತ ನಾಲ್ಕು ಜನರ ಮುಂದೆ ಏಳಕ್ಕೆ ನಾಚ್ಕೆ ಕಣವ್ವ ಆ ಗಂಡಸಿಗೆ."

ರಾಚಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬೆಳಗಿನ ಕೂಗಾಟ ಈಗಿರಲಿಲ್ಲ. ಬೆನ್ನು ಮಾತ್ರ ಅಲುಗುತ್ತಿತ್ತು. ಮಹದೇವಮ್ಮ ಆ ಬೆನ್ನಿನ ಮೇಲೆ ಕೈ ಇಟ್ಟು ಕೂತಳು.

"ನಾಡಿದ್ದು ಆಲುತುಪ್ಪ. ಮಣ್ ಮ್ಯಾಲೆ ಎಡೆ ಇಡಕ್ಕೆ ನೀನೇ ಮಾಡ್ಕಂಡ್ ಬಾ. ಮೆಣಸು ಉರ್ದು ಆಕು."

"ಅತ್ಗೆ, ಬ್ಯಾಡ. ಬುಟ್ಟಿದ್ನಲ್ಲ..."

"ಬುಟ್ಟಿದ್ದು ನಂಗೋಸ್ಕರ. ಇನ್ನೇನು, ತಿನ್ಲಿ."

ಮಣ್ಣು ಮಾಡಿ ಬಂದವರು ಸ್ನಾನ ಮಾಡಿ, ದೀಪ ನೋಡಿ ಕೂತರು. ಪಕ್ಕದ ಮನೆಯವರು ಅನ್ನ, ಸಾರು ತಂದರು. ಕವನ ಸಾರಿನ ರುಚಿ ನೋಡಿ ಪಾತ್ರೆ ಮುಚ್ಚಿದಳು. "ಉಪ್ಪು ಜಾಸ್ತಿ. ಅಮ್ಮನಿಗಾಗಲ್ಲ. ಮಾತ್ರೆ ಬೇರೆ ತಗೋಬೇಕು."

"ನಂಗಸಿವಿಲ್ಲ" ಎಂದಳು ಮಹದೇವಮ್ಮ.

ರಾಚಮ್ಮ ಒದ್ದೆ ಕೂದಲು ಗಂಟು ಹಾಕಿ ಎದ್ದಳು. ಸಾವಿನ ಮನೆಯೊಳಗೆ ಒಲೆ ಹಚ್ಚುವಂತಿರಲಿಲ್ಲ. ಹಿತ್ತಿಲಲ್ಲಿ ಮೂರು ಇಟ್ಟಿಗೆ ಕೂಡಿಸಿ ಬೇಳೆಗೆ ನೀರಿಟ್ಟಳು. ಆಮೇಲೆ ಸೊಪ್ಪಿನ ಮಡಿಗಳ ನಡುವೆ ನಿಂತು ಅತ್ತ ಇತ್ತ ನೋಡಿದಳು.

"ಅತ್ಗೆ, ಅಣ್ಣಯ್ಯ ಯಾವ್ ಸೊಪ್ಪು ಆಕ್ತಿದ್ದ?"

"ದಂಟು, ಕೀರೆ. ಚಿಗುರಷ್ಟೇ ಚಿವುಟು, ಬೇರ್ ಬುಡು." ಬಾಗಿಲ ಬಳಿ ಬಂದು ನಿಂತ ಮಹದೇವಮ್ಮ ಮತ್ತೆ ಹೇಳಿದಳು, "ತೊಳ್ಕೊ."

ರಾಚಮ್ಮ ಮಡಿಲ ತುಂಬ ಸೊಪ್ಪು ಕಿತ್ತು, ನೀರು ಬದಲಿಸಿ ಬದಲಿಸಿ ತೊಳೆದಳು. ಬೆಂದದ್ದನ್ನು ಕಡಗೋಲಿನಿಂದ ಮಸೆದಳು. ಕವನ ಹುಣಸೆ, ಬೆಳ್ಳುಳ್ಳಿ, ಡಬ್ಬಗಳನ್ನೆಲ್ಲ ತಂದು ಪಕ್ಕದಲ್ಲಿಟ್ಟಿದ್ದಳು. ರಾಚಮ್ಮನದು ಊರೂರ ನೆಂಟರಿಗೆ ಬೇಯಿಸಿ ಹಾಕಿದ ಕೈ. ಕಣ್ಣು ಪಾತ್ರೆಯ ಮೇಲಿದ್ದರೂ ಬೆರಳುಗಳು ತಾವಾಗಿಯೇ ಡಬ್ಬಕ್ಕೆ ಹೋಗಿ ಹಿಡಿ ಉಪ್ಪು ತೆಗೆದವು.

ಕುದಿಯುವ ಪಾತ್ರೆಯ ಮೇಲೆ ಆ ಕೈ ನಿಂತಿತು.

ರಾಚಮ್ಮ ಮುಷ್ಟಿ ಮುಚ್ಚಿ ಸುತ್ತ ನೋಡಿದಳು. ಮಡಿಗೆ ಚೆಲ್ಲಲು ಬಗ್ಗಿದವಳು ಎಳೆಯ ಪೈರು ಕಂಡು ಹಿಂದೆ ಸರಿದಳು. ಉಪ್ಪನ್ನು ತನ್ನ ಸೆರಗಿನ ತುದಿಗೇ ಹಾಕಿ ಗಂಟು ಕಟ್ಟಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಮುದ್ದೆಗೆ ಎಸರಿಟ್ಟಳು.