ಒಳಗಿನ ಮೆಟ್ಟಿಲು

ಫ್ಯಾನಿನ ಗಾಳಿಗೆ ನಕ್ಷೆ ಹಾರುತ್ತಿತ್ತು. ಮೇಷ್ಟ್ರು ಅದರ ಒಂದು ಮೂಲೆಯನ್ನು ಅಂಗೈಯಿಂದ ಒತ್ತಿ ಹಿಡಿದು, ಇನ್ನೊಂದು ಮೂಲೆಗೆ ಕನ್ನಡಕದ ಡಬ್ಬಿ ಇಟ್ಟರು. ಮೇಷ್ಟ್ರು ಎಂದರೆ ಶಾಲೆಯವರಲ್ಲ, ಕಾರು ಕಲಿಸುವವರು. ಊರಿನ ಅರ್ಧ ಜನ ಸ್ಟೇರಿಂಗ್ ಹಿಡಿಯಲು ಕಲಿತದ್ದು ಅವರ ಪಕ್ಕದಲ್ಲಿ ಕೂತೇ. ಅವರ ಕಾರಿನಲ್ಲಿ ಕಲಿಯುವವರಿಗೊಂದು ಬ್ರೇಕು, ಅವರಿಗೇ ಅಂತ ಇನ್ನೊಂದು ಬ್ರೇಕು.

ಮೇಜಿನ ಆಚೆ ಇಂಜಿನಿಯರಮ್ಮ ಕೂತಿದ್ದಳು. ಈಚೆ, ಮೇಷ್ಟ್ರ ಪಕ್ಕದಲ್ಲಿ, ಅವರ ಹೆಂಡತಿ. ಬಾಡಿಗೆ ಮನೆಯ ಕಿಟಕಿ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಪರದೆ, ದಿಂಬಿನ ಗವಸು, ಮಕ್ಕಳ ಯೂನಿಫಾರ್ಮು ಹೊಲಿಯುವ ಹೆಂಗಸು. ಮಾತು ಕಡಿಮೆ. ಮೇಷ್ಟ್ರ ಮನೆಯಲ್ಲಿ ಇನ್ನೊಬ್ಬರ ಮಾತಿಗೆ ಜಾಗವೂ ಕಡಿಮೆ.

ಸೈಟು ಇಳಿಜಾರಿನದು. ಮೇಲೊಂದು ರಸ್ತೆ, ಕೆಳಗೊಂದು ರಸ್ತೆ, ನಡುವೆ ಎರಡಾಳು ಇಳಿತ. ಮಣ್ಣು ತುಂಬಿಸಿ ಮಟ್ಟ ಮಾಡಿದರಾಯಿತು ಎಂದುಕೊಂಡೇ ಮೇಷ್ಟ್ರು ಅದನ್ನು ಕೊಂಡಿದ್ದರು. ಆ ಮಣ್ಣು ಜಾರದಂತೆ ಹಿಡಿಯುವ ತಡೆಗೋಡೆಯೊಂದೇ ಇರುವ ದುಡ್ಡಿನಲ್ಲಿ ಅರ್ಧ ನುಂಗುತ್ತದೆ ಎಂದು ಇಂಜಿನಿಯರಮ್ಮ ಹೇಳಿದ್ದಳು. ಅದಕ್ಕೇ ಅವಳು ಬೇರೆ ನಕ್ಷೆ ಬರೆದಳು. ಇಳಿಜಾರು ಇದ್ದ ಹಾಗೇ ಇರಲಿ. ಮೇಲಿನ ಅಂತಸ್ತಿನ ಬಾಗಿಲು ಮೇಲಿನ ರಸ್ತೆಗೆ, ಕೆಳಗಿನದರ ಬಾಗಿಲು ಕೆಳಗಿನ ರಸ್ತೆಗೆ, ನಡುವೆ ಒಳಗಿನಿಂದಲೇ ಒಂದು ಮೆಟ್ಟಿಲು.

"ಇಷ್ಟಾದ್ರೂ ಲೆಕ್ಕ ಕೈಮೀರ್ತಿದೆ ಸಾರ್," ಎಂದಳು. "ಏನಾದ್ರೂ ಬಿಡ್ಲೇಬೇಕು."

"ಟೈಲ್ಸ್ ಅಗ್ಗದ್ದು ಹಾಕೋಣ. ಕಾಂಪೌಂಡು ಆಮೇಲೆ ನೋಡೋಣ. ಈ ಹಿಂದಿನ ಗೋಡೆಗೆ ಯಾಕಿಷ್ಟು ಖರ್ಚು?"

"ಅದು ಮಣ್ಣಿಗೆ ಒತ್ತಿಕೊಂಡಿರೋ ಗೋಡೆ. ಮಳೆನೀರು ಹೋಗೋಕೆ ಪೈಪು ಹಾಕ್ಲಿಲ್ಲ ಅಂದ್ರೆ ಕೆಳಗಿನ ರೂಮೆಲ್ಲ ತೇವ ಹಿಡಿಯುತ್ತೆ. ಅದನ್ನ ಮುಟ್ಟಬೇಡಿ."

ಅಷ್ಟು ಹೊತ್ತು ಮಡಿಲಿನ ಚೀಲ ನೋಡುತ್ತಿದ್ದ ಹೆಂಡತಿ ತಲೆಯೆತ್ತಿದಳು.

"ಒಳಗಿನ ಮೆಟ್ಟಿಲು ತೆಗೀರಿ."

ಮೇಷ್ಟ್ರು ನಕ್ಕರು. "ಇವಳಿಗೆ ನಕ್ಷೆ ತಿಳಿಯಲ್ಲ. ಮೆಟ್ಟಿಲಿಲ್ದೆ ಮೇಲಕ್ಕೆ ಹೇಗೆ ಬರ್ತೀಯೇ, ಹಾರ್ಕೊಂಡಾ?"

"ಬರಬೇಕು ಅನ್ಸಿದಾಗ ಹೊರಗಡೆಯಿಂದ ಬರ್ತೀನಿ. ಮೇಲಿನದು ನಿಮಗೆ, ಕೆಳಗಿನದು ನನಗೆ." ಇಂಜಿನಿಯರಮ್ಮನ ಕಡೆ ತಿರುಗಿ, "ಆ ಮೆಟ್ಟಿಲಿನ ಜಾಗದಲ್ಲಿ ನನಗೊಂದು ಚಿಕ್ಕ ಅಡುಗೆಮನೆ ಆಗುತ್ತಲ್ವಾಮ್ಮಾ?"

ಇಂಜಿನಿಯರಮ್ಮನ ಪೆನ್ಸಿಲು ನಿಂತಿತು. ಒಮ್ಮೆ ಅವರನ್ನು, ಒಮ್ಮೆ ಇವಳನ್ನು ನೋಡಿ, ಮೆಲ್ಲಗೆ "ಆಗುತ್ತೆ" ಎಂದಳು.

ಮೇಷ್ಟ್ರ ಅಂಗೈ ನಕ್ಷೆಯಿಂದ ಜಾರಿತು, ಕಾಗದ ಸುರುಳಿ ಸುತ್ತಿಕೊಂಡು ಕನ್ನಡಕದ ಡಬ್ಬಿಯನ್ನು ನೆಲಕ್ಕೆ ಕೆಡವಿತು. ಹೆಕ್ಕಿಕೊಳ್ಳಬೇಕೆಂಬುದೂ ಅವರಿಗೆ ಹೊಳೆಯಲಿಲ್ಲ.

ಮನೆಗೆ ಬರುವಾಗ ಸಿಗ್ನಲ್ಲು ಹಸಿರಾದರೂ ಅವರು ಗಾಡಿ ಎತ್ತಲಿಲ್ಲ. ಹಿಂದಿನವರು ಹಾರ್ನ್ ಬಾರಿಸಿ ಬೈದುಕೊಂಡು ಮುಂದೆ ಹೋದರು. ಮನೆ ಸೇರಿದ್ದೇ ತಡ, ಅವಳು ಏನೂ ಆಗಿಲ್ಲವೆಂಬಂತೆ ಯಂತ್ರದ ಮುಂದೆ ಕೂತಳು. ಮೇಷ್ಟ್ರು ಹಿತ್ತಿಲಿಗೆ ಹೋಗಿ ಮಗಳಿಗೆ ಫೋನು ಹಚ್ಚಿದರು. ಮದುವೆಯಾಗಿ ಬೇರೆ ಊರಿನಲ್ಲಿದ್ದಳು.

"ನಿಮ್ಮಮ್ಮ ಏನಂದ್ಲು ಗೊತ್ತಾ? ಅವಳಿಗೆ ಬೇರೆ ಮನೆ ಬೇಕಂತೆ!"

"ಕೊನೆಗೂ ಹೇಳಿದ್ಲಾ?" ಎಂದಳು ಮಗಳು.

ಮೇಷ್ಟ್ರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. "ನಿನಗೆ ಗೊತ್ತಿತ್ತಾ?"

"ಸೈಟು ನೋಡಿ ಬಂದ ದಿನಾನೇ ಹೇಳಿದ್ಲು. ನೀನು ಅಗ್ಗ ಅಂತ ಒಪ್ಪಿಕೊಂಡೆ ಅಪ್ಪಾ. ಅವಳು ಒಪ್ಪಿದ್ದು ಕೆಳಗಡೆ ಇನ್ನೊಂದು ರಸ್ತೆ ಇದೆ ಅಂತ."

ಒಳಗೆ ಬಂದವರೇ ಹೆಂಡತಿಯ ಎದುರು ನಿಂತರು. "ನಾನೇನೇ ತಪ್ಪು ಮಾಡ್ದೆ? ಕುಡೀತೀನಾ? ಯಾವತ್ತಾದ್ರೂ ಕೈ ಎತ್ತಿದ್ದೀನಾ?"

"ಇಲ್ಲ."

"ಮತ್ತೆ?"

ಅವಳು ಯಂತ್ರ ನಿಲ್ಲಿಸಿದಳು. "ಬೆಳಿಗ್ಗೆ ಉರಿ ಸಣ್ಣ ಮಾಡು ಅಂದ್ರಿ. ಮುಚ್ಚಳ ಮುಚ್ಚು ಅಂದ್ರಿ. ಬಟ್ಟೆ ಒಣಹಾಕ್ತಿದ್ರೆ ಆ ಕಡೆ ಬಿಸಿಲು ಜಾಸ್ತಿ ಅಂದ್ರಿ. ಹೊಲಿಯೋಕೆ ಕೂತ್ರೆ ನಿಧಾನ ತುಳಿ ಅಂದ್ರಿ. ನನಗೆ ಹೊಲಿಗೆ ಬರುತ್ತೆ ರೀ."

"ಎಲ್ಲ ನಿನ್ನ ಒಳ್ಳೇದಕ್ಕೇ ಅಲ್ವಾ?"

"ಒಳ್ಳೇದಕ್ಕೇ. ಅದಕ್ಕೇ ಇಷ್ಟು ವರ್ಷ ಸುಮ್ನಿದ್ದೆ. ನಿಮ್ಮನ್ನ ಬಿಟ್ಟು ಎಲ್ಲಿಗೂ ಹೋಗ್ತಿಲ್ಲ. ಕೆಳಗಡೆ ಇರ್ತೀನಿ, ಅಷ್ಟೆ."

"ಹಾಗಾದ್ರೆ ಮನೇನೇ ಬೇಡ! ಸೈಟು ಮಾರಿಬಿಡ್ತೀನಿ."

"ಮಾರಿ," ಎಂದು ಅವಳು ಸೂಜಿಗೆ ದಾರ ಪೋಣಿಸಿದಳು. ಅತ್ತಿದ್ದರೆ, ಕೂಗಾಡಿದ್ದರೆ ಅವರಿಗೆ ಏನು ಮಾಡಬೇಕೆಂದು ತಿಳಿಯುತ್ತಿತ್ತು. ಆ ದಾರ ಮೊದಲ ಸಲಕ್ಕೇ ಒಳಹೊಕ್ಕದ್ದನ್ನು ನೋಡುತ್ತಾ ನಿಂತುಬಿಟ್ಟರು.

ಸೈಟು ಮಾರಲಿಲ್ಲ. ಯಾಕೆ ಮಾರುತ್ತೀರಿ ಎಂದು ಯಾರಾದರೂ ಕೇಳಿದರೆ ಹೇಳುವುದೇನು? ಇಂಜಿನಿಯರಮ್ಮನ ಫೋನು ಬಂದರೆ ಎತ್ತದೆ ಮುಖ ಊದಿಸಿಕೊಂಡು ಓಡಾಡಿದರು. ಆ ದಿನಗಳಲ್ಲಿ ಅವರ ಹತ್ತಿರ ಒಬ್ಬ ನರ್ಸಮ್ಮ ಕಾರು ಕಲಿಯುತ್ತಿದ್ದರು. ಚುರುಕು ಕೈ. ದಿಬ್ಬ ಹತ್ತುವಾಗ ಮೇಷ್ಟ್ರು, "ಗೇರು ಬದಲಾಯಿಸಿ" ಎಂದರು.

"ಬದಲಾಯಿಸ್ತಾನೇ ಇದ್ದೆ ಸಾರ್."

ನೋಡಿದರೆ ಆಕೆಯ ಕೈ ಆಗಲೇ ಗೇರಿನ ಮೇಲಿತ್ತು. ಮಾರನೆಯ ಪಾಠದಲ್ಲಿ ಮೇಷ್ಟ್ರು ಬಸ್ ನಿಲ್ದಾಣದವರೆಗೆ ತುಟಿ ಬಿಚ್ಚಬಾರದೆಂದು ನಿಶ್ಚಯಿಸಿಕೊಂಡರು. ಕಾರು ಇನ್ನೂ ಅವರ ಬೀದಿಯನ್ನೇ ದಾಟಿರಲಿಲ್ಲ, ಕನ್ನಡಿ ನೋಡಿ ಎಂದಿದ್ದರು, ಎಡಕ್ಕೆ ಹಿಡಿಯಿರಿ ಎಂದಿದ್ದರು. ತಾವು ಮಾತಾಡಿದ್ದು ಅವರಿಗೆ ಗೊತ್ತಾದದ್ದು ಮಾತಾಡಿ ಮುಗಿದ ಮೇಲೆ. ಆ ದಿನ ಅವರು ಊಟ ಮಾಡಲಿಲ್ಲ.

ಕೊನೆಗೆ ತಾವಾಗಿಯೇ ಹೆಂಡತಿಯನ್ನು ಕರೆದುಕೊಂಡು ಇಂಜಿನಿಯರಮ್ಮನಲ್ಲಿಗೆ ಹೋದರು. "ಮೆಟ್ಟಿಲು ತೆಗೆದುಬಿಡಿ," ಎಂದರು. "ಆದ್ರೆ ನಡುವಿನ ಛಾವಣಿಯಲ್ಲಿ ಅದಕ್ಕೆ ಜಾಗ ಬಿಟ್ಟಿರೋಕಾಗುತ್ತಾ? ಮುಂದೆ ಯಾವತ್ತಾದ್ರೂ ಬೇಕಾದ್ರೆ ಅಂತ."

"ಆಗುತ್ತೆ ಸಾರ್. ಅಮ್ಮನ್ನ ಕೇಳಿ."

"ಬೇಡ," ಎಂದಳು ಹೆಂಡತಿ. "ತೂತು ಬಿಟ್ರೆ ಅದರೊಳಗಿಂದಾನೇ ಕೂಗಿ ಹೇಳ್ತೀರಿ."

ಇಂಜಿನಿಯರಮ್ಮ ನಗು ತಡೆಯಲು ಕೆಮ್ಮಿದಳು. ಮೇಷ್ಟ್ರಿಗೂ ನಗು ಬಂತು, ಬಂದಷ್ಟೇ ಬೇಗ ಹೋಯಿತು. ನಡುವಿನ ಛಾವಣಿಗೆ ಕಾಂಕ್ರೀಟು ಹಾಕಿದ ದಿನ ಅವರು ಕಬ್ಬಿಣದ ಸರಳುಗಳ ಮೇಲೆ ಬೂದು ಗಾರೆ ಹರಡಿಕೊಳ್ಳುವುದನ್ನು ಕಣ್ಣು ಮಿಟುಕಿಸದೆ ನೋಡಿದರು.

ಮನೆ ಬದಲಾಯಿಸುವ ದಿನ ಹೊಲಿಗೆ ಯಂತ್ರ ಕೆಳಗಿನ ರಸ್ತೆಯಿಂದ, ಅವರ ಮಂಚ ಮೇಲಿನ ರಸ್ತೆಯಿಂದ ಒಳಗೆ ಹೋದವು. "ಎರಡು ಮನೆಯಾ ಯಜಮಾನ್ರೇ?" ಎಂದು ಹಮಾಲಿ ಕೇಳಿದ. "ಒಂದೇ," ಎಂದರು. ಹೇಳಿದ ಮೇಲೆ ಅವರಿಗೇ ಅನುಮಾನವಾಯಿತು.

ಸಂಜೆ ಖಾಲಿ ಖಾಲಿ ಕೋಣೆಯಲ್ಲಿ ಕೂತಿದ್ದಾಗ ಯಾರೋ ಹಾಡುತ್ತಿದ್ದದ್ದು ಕೇಳಿಸಿತು. ಹೆಂಗಸಿನ ದನಿ, ತುಂಬು ದನಿ, ಎಲ್ಲೂ ಅಳುಕಿಲ್ಲ. ಪಕ್ಕದ ಮನೆಯವರಿರಬೇಕೆಂದು ಕಿಟಕಿಗೆ ಬಂದರು. ಪಕ್ಕದ ಮನೆಗೆ ಬೀಗ ಹಾಕಿತ್ತು. ದನಿ ಬರುತ್ತಿದ್ದದ್ದು ಕೆಳಗಿನಿಂದ.

ಮೇಷ್ಟ್ರು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹೊರಗೆ ಬಂದು, ಮನೆಯ ಪಕ್ಕದ ಕಾಲುದಾರಿಯಲ್ಲಿ ಇಳಿದು, ಕೆಳಗಿನ ರಸ್ತೆಗೆ ಬಂದು ಬಾಗಿಲು ತಟ್ಟಿದರು. ಹಾಡು ನಿಂತಿತು.

"ಯಾರು?"

"ನಾನು."

ಬಾಗಿಲು ತೆರೆಯಿತು. ಅವಳ ಕೊರಳಲ್ಲಿ ಅಳತೆ ಟೇಪು ಜೋತಾಡುತ್ತಿತ್ತು. ಮೇಷ್ಟ್ರು ಅವಳ ಮುಖವನ್ನೇ ನೋಡಿದರು.

"ನೀನು ಹಾಡ್ತೀಯಾ?"

"ಹಾಡ್ತೀನಿ."

"ಯಾವಾಗಿಂದ?"

"ಚಿಕ್ಕೋಳಿದ್ದಾಗಿಂದ."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆಮೇಲೆ ಕೇಳಿದರು, "ಒಳಗೆ ಬರಲಾ?"

ಅವಳು ಸ್ವಲ್ಪ ಯೋಚಿಸಿದಳು. "ಇವತ್ತು ಕೆಲಸ ಇದೆ. ನಾಳೆ ಸಾಯಂಕಾಲ ಬನ್ನಿ."

ಮಾರನೆಯ ಸಂಜೆ ಮೇಷ್ಟ್ರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದರು.